ಉತಾರಿನ್ಯಾಗ ಇಲ್ಲದ್ದು

ದುಧನಿ ಸ್ಟೇಷನ್ ಇಳದು ಬಂದ್ರ ಎಡಕ್ಕ,
ಖಾರದ ಗಿರಣಿ ಮಗ್ಗಲದಾಗ ನಮ್ಮ ಅಂಗಡಿ.
ಸೀನಕೋತ ಸ್ಕ್ರೂ ಬಿಚ್ಚತೀನಿ.

ಹೊಲ ಮನಿ ಅಜ್ಜನಿಂದ ಅಪ್ಪಗ, ಅಪ್ಪನಿಂದ ಮಗಗ
ಇಳಕೋತ ಬರ್ತಾವ. ತಲಾಠಿ ಬರಕೋತಾನ.
ಫೋನ್ ಹಂಗಲ್ಲ,
ಕೆಳಗಿಂದ ಮ್ಯಾಲ ಏರತಾವ,
ಯಾವ ಉತಾರಿನ್ಯಾಗೂ ಹೆಸರಿಲ್ಲದಂಗ.

ಧೂಳಪ್ಪನ ಮನಿದೇ ನೋಡ್ರಿ.
ಮಗಳು ವೈಷ್ಣವಿಗಿ ಹದಿನೇಳು.
ಹತ್ತು ತಿಂಗಳಿನ ಫೋನ್ ಮಾರ್ತೀನಿ ಅಂತ ಬಂದಾಳ.
ಏನಾಗ್ಯದವ್ವ ಇದಕ್ಕ?
ಏನೂ ಆಗಿಲ್ಲ ಮಾಮಾ,
ಕಾಲೇಜಿನ್ಯಾಗ ಬರೇ ಅಂಗಾತ ಇಡಬೇಕಾಗ್ತದ,
ಅದರ ಬೆನ್ನ ಯಾರಿಗೂ ಕಾಣಬಾರದು.

ಅಣ್ಣ ಸಾಗರಂದು ಕಂತಿನ ಫೋನ್.
ಕಂತ ಮುಗಿಯೂ ತಿಂಗಳಿಗೇ
ಹೊಸಾದು ಹುಟ್ಟಿರ್ತದ.

ಧೂಳಪ್ಪಂದು ಗ್ಲಾಸ ಒಡದು ಎರಡ ವರ್ಷ.
ಟೇಪಿನ ಹಿಂದ ಸೊಲ್ಲಾಪುರದ ಉಳ್ಳಾಗಡ್ಡಿ ಭಾವ ನೋಡ್ತಾನ.
ಮೂರೋ ಎಂಟೋ ತಿಳಿಯಂಗಿಲ್ಲ,
ಎಂಟೇ ಇರ್ಲಿ ಅಂತ ಗಾಡಿ ಹೇರ್ತಾನ.

ಇಂದುಬಾಯಿದು ಚಾರ್ಜರಿನ ತೂತು ಸಡಲ.
ಉಪ್ಪಿನ ಡಬ್ಬಿಗಿ ಒರಗಿಸಿ, ಸ್ವಲ್ಪ ಬಲಕ್ಕ ವಾಲಿಸಿ,
ಉಸರ ಹಿಡದು ಕೈ ಬಿಡ್ತಾಳ.
ಮಾಡಿಕೊಡ್ತೀನಿ ತಗೊಂಬಾ ಅಂದ್ರ,
ಇರ್ಲಿ ಬಿಡಣ್ಣ, ಅದು ಯಾವ ಕಡಿ ವಾಲಬೇಕಂತ
ಅದಕ್ಕೂ ಗೊತ್ತದ, ನನಗೂ ಗೊತ್ತದ.

ಎಲ್ಲಾಕಿಂತ ಮ್ಯಾಲ ಸೋನಾಬಾಯಿ.
ಐದರ ಗುಂಡಿ ಸವದ ಆಕಿ ಹಳೇ ಫೋನ್ ತೀರಕೊಂಡಮ್ಯಾಲ
ಸಾಗರನ ಹಿಂದಿಂದು ಹತ್ತೇರಿ ಬಂತು.
ಒಳಗಿನ ಹುಡುಗಿ ಮರಾಠಿಯಾಗ ಏನರೆ ಅಂದ್ರ
ಈಕಿ ಕನ್ನಡದಾಗ ಉಂಡೇನವ್ವ ಅಂತಾಳ.
ಮದಲ ಇಡಾಕಿ ಅದೇ ಹುಡುಗಿ.

ಇವತ್ತ ಮಧ್ಯಾಹ್ನ ಬಂದಿದ್ಲು.
ಬಿಚ್ಚಿ ನೋಡಿದೆ, ಒಳಗೊಂದು ಅಲಾರಮ್ ಕುಂತದ,
ದಿನಾ ನಾಕೂವರಿಗಿ: ಓಡು ಸಾಗ್ಯಾ ಓಡು.
ಪೊಲೀಸ್ ಭರತಿದು.
ಎರಡ ಸೆಕೆಂದಿನ್ಯಾಗ ತಪ್ಪಿತ್ತು ಅವಂಗ.
ಈಗ ಔಷಧಿ ಅಂಗಡಿಗಿ ಹೋಗ್ತಾನ, ಎಂಟಕ್ಕ ಏಳ್ತಾನ.

ಅಳಿಸಿಬಿಡ್ಲೇನಬೇ?
ಬ್ಯಾಡ, ಅಂದ್ಲು.
ಅದು ಒದರೂದರಾಗ ನಂದು ಅಂಗಳಾ ಕಸಾ ಆಗಿರ್ತದ.
ದಿನಾ ನನ್ನ ಕೂಡ ಸೋಲ್ತದ ಅದು. ಸೋಲವಲ್ದ್ಯಾಕ.
ನಾ ಬಂದದ್ದು ಬ್ಯಾಟರಿ ಸಲುವಾಗಿ, ಬೆಳಕ ದೂರ ಬೀಳವಲ್ದು.

ಕವರ ಉಲ್ಟಾ ಹಾಕಿದ್ಲು, ಅಷ್ಟೇ.
ತಗದು ಕೊಟ್ಟೆ. ರೊಕ್ಕ ಬ್ಯಾಡಂದೆ.
ಹತ್ತತದೇನು ನೋಡಾಕ
ನನ್ನ ಮಾರಿಮ್ಯಾಲೇ ಬಿಟ್ಟಳು ಬೆಳಕ.
ಭಾಳೊತ್ತು ಹಿಡದ ಹಿಡದಳು.

ಚಾರ್ಜರಿನ ತಂತಿ ಸುತ್ತಿದ ಕಿವಿಕಡ್ಡಿ,
ಬಿರುಕಬಿಟ್ಟ ಎಡಗಣ್ಣಿನ ಗಾಜು.

ಯಾವಾಗಿಂದೋ ಚಾಳೀಸ? ಅಂದ್ಲು,
ಒಂದು ಹೊಸಾದು ತಗೊಳಾಕ ಏನಾಗ್ಯದ ನಿನಗ?