ಬಂದ ಕಾರಣ

ಲೆಸೋಥೊದ ಬೆಟ್ಟದ ಕ್ಲಿನಿಕ್ಕಿನಲ್ಲಿ
ನಾನು ಕಾರ್ಡು ಬರೆಯುವವಳು.
ಲೆಬುಸಾ, ಎಪ್ಪತ್ತಾರು. ಕಂಬಳಿಯ ಪಿನ್ನು ಬಿಚ್ಚಲೊಲ್ಲ.

ಎದೆನೋವೇ? 'ಅದು ಹಳೆಯದು.'
ಮಗಳು ಕಳಿಸಿದಳೇ?
'ಎರಡು ಚಳಿಗಾಲದಿಂದ ಹೇಳುತ್ತಲೇ ಇದ್ದಾಳೆ.'
ರೇಡಿಯೋ ಕೂಡ ಹೇಳಿತ್ತಂತೆ; ಶೆಲ್ಲು ಕಿತ್ತಿಟ್ಟನಂತೆ.

ಮತ್ತೆ?

ಟೋಪಿ ತಿರುವುತ್ತ ಕೂತ, ಬಹಳ ಹೊತ್ತು.
'ಏರುದಾರಿ. ಕುದುರೆಯ ಹಗ್ಗ ಹಿಡಿದು ನಡೆದಿದ್ದೆ.
ಕರಿಬಂಡೆಯ ಹತ್ತಿರ ಅದು ತಾನೇ ನಿಂತಿತು.
ನಾನು ಹೇಳಿರಲಿಲ್ಲ.
ಉಸಿರಿಗಾಗಿ ನಾನು ದಿನಾ ನಿಲ್ಲುವ ಜಾಗ,
ಯಾರೂ ನೋಡಿಲ್ಲ ಅಂದುಕೊಂಡಿದ್ದೆ.
ಕತ್ತು ಹೊರಳಿಸಿ ಕಾಯಿತು, ತಾಯಿ,
ಮುದುಕನಿಗೆ ಕಾಯುವ ಹಾಗೆ.'

ಕಾರ್ಡಿನ ಆ ಖಾನೆ ಚಿಕ್ಕದು.
'ಏದುಸಿರು' ಎಂದಷ್ಟೇ ಬರೆದೆ.

ಹೊರಗೆ ಅದು
ಲದ್ದಿ ಹಾಕಿ, ಬಾಲ ಬೀಸಿ,
ಗಡಿಬಿಡಿಯಿಲ್ಲದೆ ನಿಂತೇ ಇತ್ತು.