ಮೊದಲ ಹಿಡಿ

ಒಂಬತ್ತು ದಿನದ ಜ್ವರ ಬಿಟ್ಟು ಎದ್ದು ಬಂದರೆ
ಗೋಪಾಳದ ಖಾಲಿ ಸೈಟಿನಲ್ಲಿ ನಿಂತೇ ಇತ್ತು
ಕೆಂಪು ಎಲ್ ಬೋರ್ಡು ಹೊತ್ತ ನನ್ನ ಆಲ್ಟೊ.
ಮೇಲೆಲ್ಲ ಸರಿ. ಬಗ್ಗಿ ನೋಡಿದೆ:
ಚಕ್ರದ ತೂತುಗಳೊಳಗೆ
ಬ್ರೇಕಿನ ಬಿಲ್ಲೆಗೆ ಯಾರೋ ಚೊಗರು ಬಳಿದಿದ್ದಾರೆ.
ನಾನು ಮಲಗಿದ್ದೆ, ಗಾಡಿ ಮಲಗಿತ್ತು,
ಇಬ್ಬನಿ ಮಾತ್ರ ತಪ್ಪದೆ ಡ್ಯೂಟಿಗೆ ಬಂದಿತ್ತು.

ಏಳು ಗಂಟೆಗೆ ಹಾಲಮ್ಮ ಬಂದರು.
ಮಂಡ್ಲಿಯಲ್ಲಿ ಹಿಟ್ಟಿನ ಗಿರಣಿ, ಐವತ್ತಾರು ವಯಸ್ಸು,
ಹುಬ್ಬಿನಲ್ಲಿ ನಿನ್ನೆಯ ಗೋಧಿ ಇನ್ನೂ ಹಾಗೇ.
ಇವತ್ತಿಗೆ ಎಂಟನೇ ಪಾಠ.
ಏಳರಲ್ಲೂ ಅವರು ಬ್ರೇಕು ತುಳಿದದ್ದಕ್ಕಿಂತ
ನನ್ನ ಕಾಲಡಿಯ ಎರಡನೇ ಬ್ರೇಕು
ನಾನು ತುಳಿದದ್ದೇ ಹೆಚ್ಚು.

ಮೊದಲ ತಿರುವಿನಲ್ಲಿ ಕಾಲಿಟ್ಟರು.
ಕರ್ರೋ ಎಂದಿತು ಗಾಡಿ,
ತಗಡನ್ನು ಡಾಂಬರಿನ ಮೇಲೆ ಎಳೆದ ಹಾಗೆ.
ಹೊಸಬರು ಇಂಥ ಕಡೆ ಸ್ಟಿಯರಿಂಗ್ ಬಿಟ್ಟು ಕೈ ಮುಗಿಯುತ್ತಾರೆ.
ಬಾಯಲ್ಲಿ ಸಮಾಧಾನ ಸಿದ್ಧವಿತ್ತು:
ಹೆದರಬೇಡಿ, ಮೇಲ್ಮೇಲಿನ ತುಕ್ಕು,
ಪ್ಯಾಡು ಉಜ್ಜಿದರೆ ಹೋಗುತ್ತೆ.

ಹೇಳಲು ಬಿಡಲಿಲ್ಲ.
“ಕಲ್ಲು ಕುಟ್ಟಿಸಿದ ಮಾರನೇ ದಿನ
ನಮ್ಮ ಗಿರಣಿನೂ ಹಿಂಗೇ ಕೂಗುತ್ತೆ ಮೇಷ್ಟ್ರೇ.
ಮೊದಲ ಹಿಡಿ ಯಾರಿಗೂ ಕೊಡಬಾರದು, ಚೆಲ್ಲಬೇಕು.
ಆಮೇಲೆ ಬರೋದು ಹಿಟ್ಟು.”

ಚೆಲ್ಲಿದರು,
ಊರು ದಾಟಿ ಗಾಜನೂರಿನ ರಸ್ತೆಯುದ್ದಕ್ಕೂ.
ಹಂಪಿಗೊಂದು ಹಿಡಿ, ಎಮ್ಮೆಗೊಂದು ಹಿಡಿ,
ಏನೂ ಇಲ್ಲದ ಕಡೆ ಸುಮ್ಮನೆ ಒಂದು.
ನಾಲ್ಕನೆಯದಕ್ಕೆ ಕೂಗು ಪಿಸುಮಾತಾಯಿತು.
ಎಂಟನೆಯದಕ್ಕೆ ಅದೂ ಇಲ್ಲ.
ನನ್ನ ಕಾಲು ಪೆಡಲಿನ ಮೇಲೆಯೇ ಇತ್ತು,
ಕೆಲಸ ಕೇಳಿಕೊಂಡು ಬಂದು
ಬಾಗಿಲಲ್ಲಿ ನಿಂತವನ ಹಾಗೆ.

ಸಕ್ರೆಬೈಲು ಇನ್ನೂ ದೂರವಿತ್ತು, ಮುಂದಿನ ಎಡಚಕ್ರ ಪಂಚರು.
ಜಾಕು ಕೊಟ್ಟೆ. ನಾಲ್ಕೂ ನಟ್ಟು ಬಿಚ್ಚಿದೆ.
ಚಕ್ರ ಬರಲೊಲ್ಲದು.
ಎಳೆದೆ, ಗುದ್ದಿದೆ, ಅದರ ವಂಶ ಜಾಲಾಡಿದೆ.
ಹಬ್ಬಿಗೂ ಚಕ್ರಕ್ಕೂ ನಡುವೆ
ತುಕ್ಕೇ ಬೆಸುಗೆಯಾಗಿ ಕೂತುಬಿಟ್ಟಿತ್ತು.
ಇದು ಒಂಬತ್ತು ದಿನದ್ದಲ್ಲ.
ಪದರಿನ ಮೇಲೆ ಪದರು, ವರ್ಷಗಟ್ಟಲೆ,
ಒಮ್ಮೆಯೂ ಕೂಗದೆ.

ಎರಡು ನಟ್ಟು ಸಡಿಲವಾಗಿ ಮತ್ತೆ ಹಾಕಿಸಿ
ಹಾಲಮ್ಮ ಚಪ್ಪಲಿ ಬದಿಗಿಟ್ಟರು, ಸೆರಗು ಸಿಕ್ಕಿಸಿದರು,
ಹಿಮ್ಮಡಿಯಿಂದ ಒದ್ದರು. ಮೇಲೊಮ್ಮೆ. ಕೆಳಗೊಮ್ಮೆ.
ಮೂರನೆಯದಕ್ಕೆ ಟಣ್ ಎಂದು ಬಿಟ್ಟುಕೊಟ್ಟಿತು.
ಉದುರಿದ ಪುಡಿಯನ್ನು ಅಂಗೈಗೆ ತಗೊಂಡು
ಹೆಬ್ಬೆರಳಲ್ಲಿ ತಿಕ್ಕಿದರು,
ನುಣ್ಣಗಾಯಿತಾ, ಇನ್ನೊಂದು ಸುತ್ತು ಬೇಕಾ ಎಂದು ನೋಡುವ ಹಾಗೆ.

“ಇದೂ ಆ ಬಿಲ್ಲೆ ಜೊತೆಗೇ ತಿರುಗಿದ್ದಲ್ವಾ ಮೇಷ್ಟ್ರೇ?
ಅಷ್ಟೇ ಮೈಲಿ?”
ಹೌದು.
“ಮತ್ಯಾಕೆ ಇದಕ್ಕೆ ಈ ಗತಿ?”
ಇಲ್ಲಿಗೆ ಪ್ಯಾಡು ಮುಟ್ಟಲ್ಲ, ಅಂದೆ.
ಉಜ್ಜೋರಿಲ್ಲ.

ಹೇಳಿದ್ದು ಅಷ್ಟೇ.
ಸ್ಟೆಪ್ನಿ ಎತ್ತುವಾಗ ಯಾಕೋ ಲೆಕ್ಕ ಬಂತು:
ಹತ್ತೊಂಬತ್ತು ವರ್ಷ, ಈ ಪಕ್ಕದ ಸೀಟು,
ಎಲ್ಲರ ಜೊತೆ ಅಷ್ಟೇ ಮೈಲಿ.
ಲೈಸೆನ್ಸು ಬಂದ ಮೇಲೆ ರಸ್ತೆಯಲ್ಲಿ ಸಿಕ್ಕಿದರೆ
ಹಾರ್ನು ಹೊಡೆದು ಹೋಗುತ್ತಾರೆ.

ಸೊಂಟಕ್ಕೆ ಸಿಕ್ಕಿಸಿದ್ದ ಗಿರಣಿಯ ಬಟ್ಟೆಯಿಂದ
ಹಬ್ಬನ್ನು ಸುತ್ತಲೂ ಒರೆಸಿದರು ಹಾಲಮ್ಮ,
ನಾನು ಬೇಡ ಬೇಡ ಅನ್ನುತ್ತಿದ್ದ ಹಾಗೇ.
ಬಟ್ಟೆ ಕೆಟ್ಟಿತು.
ಕಬ್ಬಿಣ ಸ್ವಲ್ಪ ಕಂಡಿತು.

ವಾಪಸು ಬರುವಾಗ ಮಂಡ್ಲಿ ಹತ್ತಿರ
ಸೈಕಲ್ಲಿನ ಹುಡುಗನೊಬ್ಬ ಅಡ್ಡ ನುಗ್ಗಿದ.
ಗಾಡಿ ನಿಂತಿತು, ಸದ್ದಿಲ್ಲದೆ, ಮೊಳ ದೂರದಲ್ಲಿ.
ನನ್ನ ಕಾಲು ಮಡಚಿಕೊಂಡೇ ಇತ್ತು.
ಅದನ್ನು ಅವರು ನೋಡಿದರು.
ಇಬ್ಬರೂ ಆ ಮಾತು ಎತ್ತಲಿಲ್ಲ.

“ನಾಳೆ ಏಳಕ್ಕೇ ಬರ್ತೀನಿ. ಕೂಗಿದರೆ ಕೂಗಲಿ,
ಮೊದಲ ಹಿಡಿ ನಾನೇ ಚೆಲ್ತೀನಿ.”

ರಾತ್ರಿ ಮೈಗೆ ತಣ್ಣೀರು ತಾಗಿಸಬಾರದು ಎಂದಿದ್ದರು ಡಾಕ್ಟರು.
ಎರಡು ಬಕೆಟ್ಟು ಹೊತ್ತು ತಂದೆ.
ಗಾಡಿ ತೊಳೆದೆ, ಚಕ್ರದ ಸಂದಿಗೂ ಎರಚಿ.
ಬೇಕೆಂದೇ.