ಪೆನ್ಸಿಲ್ ಗುರುತು

ಮಿಲ್ವಾಕಿಯ ನೆಲಮಾಳಿಗೆ ಅಂಗಡಿ. ಹೀಟರಿಗೆ ಕೆಮ್ಮು.
ಜಾಝ್ ಅರವತ್ತರಲ್ಲೇ ಮುಗಿಯಿತು, ಅನ್ನುತ್ತಾನೆ ವೆಂಡೆಲ್,
ಪ್ರತಿ ಶನಿವಾರದಂತೆ, ಕೋಟೂ ಬಿಚ್ಚದೆ.
ಓಥಾಗೆ ಬ್ಲೂಸ್ ಬಿಟ್ಟು ಉಳಿದದ್ದೆಲ್ಲ ಬರೀ ಒಗ್ಗರಣೆ.
ರಾಕ್ ಪರ ವಾದಕ್ಕೆ ನಾನೊಬ್ಬಳೇ; ಸೋತು ರೂಢಿ.

ಇವತ್ತು ಟಾಡ್ಯೂಸನ ಪೆಟ್ಟಿಗೆಗಳು ಬಂದಿವೆ,
ಹನ್ನೊಂದು. ಮಗಳು ಇಳಿಸಿ, ಬೆಲೆ ಕೇಳದೆ ಹೋದಳು.
ಪ್ರತಿ ಕವಚದ ಮೂಲೆಯಲ್ಲೂ ಪೆನ್ಸಿಲಿನ ತೀರ್ಪು:
ಹತ್ತಕ್ಕೆ ಒಂಬತ್ತು.
ಹತ್ತಕ್ಕೆ ಆರು, ಡ್ರಮ್ಮಿನವನಿಗೆ ಬಸ್ಸು ಹಿಡಿಯುವ ಅವಸರ.
ಹತ್ತಕ್ಕೆ ಹತ್ತು ಒಂದೇ ಒಂದು.
ಹೊರತೆಗೆದರೆ ಕನ್ನಡಿ, ಮುಖ ನೋಡಿಕೊಳ್ಳಬಹುದು,
ಮುಳ್ಳು ಸೋಕಿದಂತಿಲ್ಲ.

ಕೊನೆಯ ಪೆಟ್ಟಿಗೆಯ ತಳದಲ್ಲಿ
ಯಾವುದೋ ಹೋಟೆಲ್ ಬ್ಯಾಂಡಿನ ತಟ್ಟೆ.
ಹತ್ತಕ್ಕೆ ಎರಡು.
ಕೆಳಗೆ ಸಣ್ಣಕ್ಷರ: ಹೆಡ್ವಿಗ್‌ಗೆ ಬೇಕಂತೆ.
ಗೆರೆಗಳೆಲ್ಲ ಸವೆದು ಬೂದಿಬಣ್ಣ,
ನಡುವಿನ ತೂತೂ ಅಗಲಿಸಿದೆ.

ಹಾಕಿದೆವು. ಹಾಡಿಗಿಂತ ಚರಪರವೇ ಹೆಚ್ಚು,
ಅಡುಗೆಮನೆಯಲ್ಲಿ ಯಾರೋ ಏನೋ ಹುರಿಯುತ್ತಿರುವ ಹಾಗೆ.
ಇಡೀ ಒಂದು ಮಗ್ಗುಲು
ಯಾರೂ ಅಭಿಪ್ರಾಯ ಹೇಳಲಿಲ್ಲ.

ಆಮೇಲೆ ವೆಂಡೆಲ್ ಕನ್ನಡಕ ಒರೆಸುತ್ತ
“ಎರಡು ಜಾಸ್ತಿಯೇ ಆಯಿತು” ಅಂದ;
ಎದ್ದು, ಕೋಟು ಬಿಚ್ಚಿ,
ಮಗ್ಗುಲು ಬದಲಿಸಿದ.